ನಾಲ್ಕನೆಯ ಛುಕ್

ಜೂನ್ 3, ಬೆಳಿಗ್ಗೆ

ಮತ್ತೆ ಬಾವಿಯೊಳಗೆ. ಬಾವಿ ಎಂದರೆ ಮಹಡಿಯ ಕೋಣೆ ತುಂಬ ಹರಡಿರುವ ಪುಟಾಣಿ ರೈಲಿನ ಮೇಜಿಗೆ ನಟ್ಟನಡುವೆ ಕೊರೆದ ತೂತು. ಸುತ್ತ ಹಳಿ, ಸುರಂಗ, ರಟ್ಟಿನ ಬೆಟ್ಟ. ನಡುವೆ ಸೊಂಟದಿಂದ ಮೇಲಷ್ಟೇ ಕಾಣುವ ನಾನು. ಗುಂಡಿಗಳೆಲ್ಲ ಇಲ್ಲಿವೆ. ಒಳಗೆ ಬರಲು ಮೇಜಿನಡಿ ಅಂಬೆಗಾಲಿಡಬೇಕು. ಮಾವನವರ ಮಂಡಿ ಮಡಚುವುದಿಲ್ಲ. ಹಾಗಾಗಿ ಅವರು ಹೊರಗೆ ಕುರ್ಚಿಯಲ್ಲಿ, ಅಪ್ಪಣೆ ಕೊಡುತ್ತ. ಶಾಲಾ ತನಿಖಾಧಿಕಾರಿಯಾಗಿದ್ದವರು. ಶಾಲೆ ಬಿಟ್ಟರು, ತನಿಖೆ ಬಿಡಲಿಲ್ಲ. ರೈಲಿಗೆ ಹಳಿ ಬೇಕು. ಹಳಿಯಲು ಅಳಿಯ ಬೇಕು. ಎರಡೂ ಒಂದೇ ಕೋಣೆಯಲ್ಲಿ ಸಿಕ್ಕಿವೆ, ಪುಣ್ಯವಂತರು.

ಕೆಲಸ ಇಷ್ಟೇ — ಎಂಜಿನ್ನಿನ ಗತಿಗೆ ತಕ್ಕ ಸದ್ದು. ರೇಡಿಯೋ ನಾಟಕಗಳಿಗೆ ಸದ್ದು ಮಾಡುತ್ತಿದ್ದವನು ನಾನು, ಆ ವಿಭಾಗ ಮುಚ್ಚುವ ತನಕ. ಎರಡು ಸ್ಯಾಂಡ್‌ಪೇಪರ್ ಉಜ್ಜಿ ‘ಛುಕ್’ ರೆಕಾರ್ಡ್ ಮಾಡಿದೆ. ಸೊಗಸಾಗಿದೆ. ಆದರೆ ರೈಲು ಆಮೆಯಾದರೂ ಸದ್ದು ಕುದುರೆ.

“ಏನ್ರೀ ಅಳಿಯಂದಿರೇ, ರೈಲು ಸ್ಟೇಷನ್ನಲ್ಲಿ ನಿಂತಿದೆ, ನಿಮ್ಮ ಸದ್ದು ಆಗಲೇ ಮುಂದಿನೂರು ಮುಟ್ಟಿದೆಯಲ್ಲ!”

ಎಂಜಿನ್ನಿನ ಗತಿ ಅಳೆಯಬಹುದು. ನನ್ನ ಗತಿ?

ಸಂಜೆ

ಇವಳ ಫೋನು. ನನ್ನ ಹೆಂಡತಿ ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಿ ತಿಂಗಳಾಯಿತು. ಅಲ್ಲೇ ಒಂದು ಸ್ಟುಡಿಯೋದಲ್ಲಿ ನನಗೂ ಜಾಗ. ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ.

“ರೀ, ಅರ್ಧಕ್ಕೆ ಬಿಟ್ಟು ಮಾತ್ರ ಬರಬೇಡಿ. ಅಪ್ಪ ಆ ಸಿಟ್ಟೆಲ್ಲ ಅಮ್ಮನ ಮೇಲೆ ತೀರಿಸ್ಕೋತಾರೆ. ಒಂದ್ಸಲ ‘ಪರವಾಗಿಲ್ಲ’ ಅನ್ನಿಸ್ಕೊಂಡು ಬಂದ್ಬಿಡಿ.”

ಆ ಮಾತನ್ನು ಅವರು ಮದುವೆಮನೆಯಲ್ಲೂ ಅಂದಿರಲಿಲ್ಲ.

ಜೂನ್ 8

ಸಿಕ್ಕಿತು! ಹಬೆ ಎಂಜಿನ್ನಿನ ಗಾಲಿ ಒಂದು ಸುತ್ತು ಸುತ್ತಿದರೆ ನಾಲ್ಕು ಛುಕ್. ಗಾಲಿಯ ಒಳಮೈಗೆ ಎಳ್ಳಿನಷ್ಟು ನಾಲ್ಕು ಅಯಸ್ಕಾಂತ ಅಂಟಿಸಿದೆ. ಪ್ರತಿಯೊಂದೂ ಎಂಜಿನ್ನಿನಡಿ ಕೂರಿಸಿದ ಸ್ವಿಚ್ಚಿನ ಮೇಲೆ ಹಾದಾಗ ಒಂದು ಛುಕ್. ಗಾಲಿ ಓಡಿದರೆ ಸದ್ದು ಓಡುತ್ತದೆ, ನಿಂತರೆ ಬಾಯಿ ಮುಚ್ಚುತ್ತದೆ. ಈ ಏರ್ಪಾಡು ಮನುಷ್ಯರಿಗೂ ಇದ್ದಿದ್ದರೆ... ನಾಳೆ ತನಿಖೆ.

ಜೂನ್ 9

ಛುಕ್, ಛುಕ್, ಛುಕ್ — ಮೌನ. ಛುಕ್, ಛುಕ್, ಛುಕ್ — ಮೌನ. ನಾಲ್ಕನೆಯದೇ ಇಲ್ಲ. ಎಂಜಿನ್ ಕುಂಟುತ್ತಿದೆ.

“ಚಪ್ಪಲಿ ಕಳ್ಕೊಂಡಿರಬೇಕು ನಿಮ್ಮ ಎಂಜಿನ್ನು” ಎಂದರು ಮಾವ. ಜೋಕು ಚೆನ್ನಾಗಿತ್ತು. ಅದೇ ಹೆಚ್ಚು ಉರಿಸಿತು.

ಒಂದು ಅಯಸ್ಕಾಂತ ಮಾಯ. ಗೋಂದು ಸರಿಯಿಲ್ಲವೇನೋ. ಹೊಸದು ಅಂಟಿಸಿದೆ.

ಜೂನ್ 16

ಮೂರನೇ ಸಲ. ಪ್ರತಿ ಸಲವೂ ಒಂದೇ ಒಂದು. ಗೋಂದು ಬದಲಾಯಿಸಿದೆ, ನೆಲ ಗುಡಿಸಿದೆ, ಸುರಂಗದೊಳಗೆ ತೋಳಿಳಿಸಿ ತಡಕಿದೆ. ಮಾವ ಕುರ್ಚಿಯಲ್ಲಿ ಬೆಳಗುತ್ತಿದ್ದಾರೆ. ಇಷ್ಟು ಆರೋಗ್ಯವಾಗಿ ಅವರನ್ನು ನೋಡಿಯೇ ಇರಲಿಲ್ಲ. ಅನುಮಾನ ಅವರ ಮೇಲೇ — ನನ್ನನ್ನು ಹಿಡಿದಿಡಲು ಅವರೇ ಕಿತ್ತರೆ? ಆದರೆ ಎಂಜಿನ್ ನಿಲ್ಲಿಸುವ ಕೊಟ್ಟಿಗೆ ಇರುವುದು ಬಾವಿಯ ಪಕ್ಕ. ಅಂಬೆಗಾಲಿಡದೆ ಕೈಗೆಟುಕುವುದಿಲ್ಲ.

ಸ್ಟುಡಿಯೋದವರು ಕೇಳಿದರಂತೆ. “ಬರ್ತಾರೆ, ರೈಲು ಲೇಟು ಅಂದೆ” ಎಂದಳು ಇವಳು. ನಗಲಿಲ್ಲ.

ಜೂನ್ 19, ಮಧ್ಯಾಹ್ನ

ಅತ್ತೆ ಕಾಫಿ ತಂದರು. ದಿನವೂ ಅವರೇ ಲೋಟ ಹಿಡಿದು, ಒಂದು ತೊಟ್ಟು ಚೆಲ್ಲದೆ, ಮೇಜಿನಡಿ ನುಸುಳಿ ಬರುತ್ತಾರೆ. ಮಾವ ಹೊರಗೆ ಪೇಪರ್ ಮುಖಕ್ಕೆ ಹೊದ್ದು ಗೊರಕೆ. ಲೋಟ ತೆಗೆದುಕೊಳ್ಳುವಾಗ ಕಂಡಿತು. ಅವರ ಹೆಗಲ ಸೇಫ್ಟಿ ಪಿನ್ನಿಗೆ ಎಳ್ಳಿನಷ್ಟು ಕಪ್ಪು ಚುಕ್ಕೆ ಅಂಟಿಕೊಂಡಿತ್ತು.

“ಅತ್ತೆ, ಪಿನ್ನಲ್ಲಿ ಏನೋ...”

ನೋಡಿಕೊಂಡರು. ಮುಖದ ಬಣ್ಣ ಇಳಿಯಿತು. ಸೆರಗಿನ ಗಂಟಿನಿಂದ ಮುಳ್ಳು ತೆಗೆಯುವ ಚಿಮುಟ ಬಿಚ್ಚಿ ಮೇಜಿನ ಮೇಲಿಟ್ಟರು.

“ಬೈಕೊಳ್ಳಿ” ಎಂದರು. ಪಿಸುದನಿ. “ಇದು ಸರಿಹೋದ ದಿನ ನೀವು ಹೊರಡ್ತೀರಿ. ಆಮೇಲೆ ಇವರಿಗೆ ತಪ್ಪು ಹುಡುಕೋಕೆ ಈ ಮನೇಲಿ ಉಳಿಯೋದು ಯಾರಪ್ಪ? ಮದುವೆಯಾದಾಗಿಂದ ನಾನೇ ಇದ್ದೆ. ಈಗ ನೀವಿದ್ದೀರಿ. ಕಾಫಿ ಆರಿದೆ, ಬಾಗಿಲು ಸದ್ದಾಯ್ತು — ಒಂದು ಮಾತಿಲ್ಲ. ಎದೆ ತುಂಬ ಉಸಿರಾಡ್ತಿದ್ದೀನಿ.”

ಚಿಮುಟವನ್ನು ಅವರತ್ತಲೇ ಸರಿಸಿದೆ.

“ನಮ್ಮ ಜೊತೆ ಬಂದ್ಬಿಡಿ, ಅತ್ತೆ.”

“ನಾನು ಬಂದ್ರೆ ಇವರೂ ಬರ್ತಾರೆ. ರೈಲು ಸಮೇತ.”

ಪೇಪರ್ ಸರಿಯಿತು. “ಏನೇ ಅದು ಗುಸುಗುಸು? ಕೆಳಗೆ ಹಾಲಿಟ್ಟು ಬಂದಿದ್ದೀಯೋ ಹೇಗೆ? ನಿನಗೆ ಎಷ್ಟು ಸಲ—”

ಅತ್ತೆ ಬೆಚ್ಚಿ ಹಿಂದೆ ಸರಿದರು. ಮೊಣಕೈ ತಗುಲಿ ವಾಲ್ಯೂಮ್ ತಿರುಗಿತು. ರೈಲು ಓಡುತ್ತಿತ್ತು. ಕೋಣೆ ತುಂಬ ಛುಕ್ ಛುಕ್ ಛುಕ್. ಮಾವನ ಬಾಯಿ ಆಡುತ್ತಿದೆ, ಮಾತು ಕೇಳಿಸುತ್ತಿಲ್ಲ.

ಅತ್ತೆ ಅವರ ಬಾಯನ್ನೇ ನೋಡುತ್ತ ನಿಂತರು. ಆಮೇಲೆ ಆ ಗುಂಡಿಯನ್ನು.

“ಇದನ್ನ ಇನ್ನೂ ತಿರುಗಿಸಬಹುದಾ?”

ಜೂನ್ 24

ಅತ್ತೆಗೆ ಪಾಠ ನಡೆದಿದೆ. ಮಾವ ಮಲಗುವ ಹೊತ್ತಿಗೆ. ವೇಗದ ಗುಂಡಿ ಎಡಗೈಗೆ, ಸದ್ದಿನದು ಬಲಗೈಗೆ. ಅಯಸ್ಕಾಂತ ಅಂಟಿಸುವುದು ನನಗಿಂತ ಅವರಿಗೇ ಚೆನ್ನಾಗಿ ಬರುತ್ತದೆ. ಕೀಳುವ ಅಭ್ಯಾಸವಿದೆಯಲ್ಲ.

ನನಗೆ ಬೋನಾದ ಈ ತೂತು ಇವರಿಗೆ ಬೇರೆಯೇ ಏನೋ. ಇಡೀ ಮನೆಯಲ್ಲಿ ಮಾವ ಬರಲಾಗದ ಜಾಗ ಇದೊಂದೇ. ಬಂದರೆ ಅತ್ತೆ ಹೋಗುವುದೇ ಇಲ್ಲ. ಕೆಳಗಿನ ಕೆಲಸ ನಾನು ಮಾಡುತ್ತಿದ್ದೇನೆ.

ಜೂನ್ 28

ತನಿಖೆ. ಹೊರಟಾಗ ನಿಧಾನ ಛುಕ್... ಛುಕ್... ಏರಿನಲ್ಲಿ ಏದುಸಿರು, ಬಯಲಲ್ಲಿ ಓಟ. ನಿಂತಾಗ ನಿಂತಿತು. ಮಾವ ಮೂರು ಸುತ್ತು ಕಿವಿಗೊಟ್ಟು ಕೂತರು. ಬಾಯಿ ತೆರೆದರು, ಮುಚ್ಚಿದರು. ಕೊನೆಗೆ —

“ಪರವಾಗಿಲ್ಲ.”

ಗೆದ್ದೆ ಅನ್ನಿಸಬೇಕಿತ್ತು. ಆದರೆ ಅವರು ಕುರ್ಚಿಯಲ್ಲಿ ಪೂರ್ತಿ ತಿರುಗಿ ಅತ್ತೆಯತ್ತ ನೋಡಿದರು. “ಏನೇ, ನಿಂತು ನೋಡ್ತಿದ್ದೀಯ? ಆ ಕಿಟಕಿ ಒರೆಸಿ ಎಷ್ಟು ದಿನ ಆಯ್ತು?”

ಜೂನ್ 30, ಬೆಳಿಗ್ಗೆ

ಚೀಲ ರೆಡಿ. ಬಾಗಿಲಲ್ಲಿ ಆಟೋ. ಹೇಳಿ ಹೊರಡೋಣವೆಂದು ಮಹಡಿ ಹತ್ತಿದೆ. ಮೆಟ್ಟಿಲಲ್ಲೇ ಗೋಡೆ ನಡುಗುವ ಸದ್ದು.

ಅತ್ತೆ ಬಾವಿಯೊಳಗಿದ್ದರು. ಪಕ್ಕದಲ್ಲಿ ನೀರಿನ ಬಾಟಲಿ, ಡಬ್ಬಿ, ಹೆಣಿಗೆ. ರೈಲು ಸುತ್ತುತ್ತಿತ್ತು. ನಾಲ್ಕೂ ಛುಕ್ ಖಣಿಖಣಿ. ಮಾವ ಮೇಜಿನ ಅಂಚು ಹಿಡಿದು ನಿಂತಿದ್ದರು, ಕತ್ತಿನ ನರ ಉಬ್ಬಿಸಿಕೊಂಡು, ಒಂದಕ್ಷರ ಕೇಳಿಸದೆ. ಮಂಡಿ ಮಡಚಲು ನೋಡಿದರು. ಆಗಲಿಲ್ಲ. ನನ್ನನ್ನು ಕಂಡು ಮೇಜಿನಡಿಗೆ ಬೆರಳು ತೋರಿಸಿದರು. ನುಗ್ಗು, ನಿಲ್ಲಿಸು.

ಅತ್ತೆಯೂ ನೋಡಿದರು. ಬಲಗೈ ಗುಂಡಿಯ ಮೇಲೇ ಇತ್ತು.

ಬಾಗಿದೆ. ಮಾವನ ಮುಖ ಅರಳಿತು. ಶೂ ಲೇಸು ಬಿಗಿದುಕೊಂಡು ಚೀಲ ಎತ್ತಿಕೊಂಡೆ.

ಅದೇ ದಿನ, ಬಸ್ಸಿನಲ್ಲಿ

ಇವಳ ಫೋನು. “ಅಮ್ಮ ಅತ್ತಳಾ?”

“ಇಲ್ಲ. ಒಳಗಿದ್ದಾರೆ, ಆರಾಮಾಗಿ.”

“ಒಳಗೆ ಅಂದ್ರೆ?”

ಎಲ್ಲ ಕಲಿಸಿದ್ದೇನೆ — ಗೋಂದು, ಅಯಸ್ಕಾಂತ, ವೇಗ, ಸದ್ದು. ಬಸ್ಸು ಒಂದು ಪೇಟೆ ದಾಟುತ್ತಿದೆ. ಇಲ್ಲಿ ಅಂಗಡಿಗಳ ಫ್ಯಾನು ನಿಂತಿದೆ, ದೀಪವಿಲ್ಲ, ಜನ ರಟ್ಟು ಬೀಸಿಕೊಳ್ಳುತ್ತ ಹೊರಗೆ ಕೂತಿದ್ದಾರೆ. ಕರೆಂಟು ಹೋದರೆ ಏನು ಮಾಡಬೇಕು ಅಂತ ಅತ್ತೆಗೆ ನಾನು ಹೇಳಿಕೊಟ್ಟೇ ಇಲ್ಲ.