ಬಾಣಂತಿ ಮನೆಯ ಗೀಸರ್

ಬೈಂದೂರು
೧೨ ಆಗಸ್ಟ್ ೨೦೧೧

ಪ್ರೀತಿಯ ಜಲಜಾ,

ಫೋನ್ ಮಾಡಿದರೆ ಕಟ್ ಮಾಡುತ್ತೀ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹರಿದು ಎಸೆಯುವುದಿದ್ದರೂ ಓದಿ ಹರಿ.

ನೀನು ನಮಗೆ ಕೆಟ್ಟದ್ದು ಬಯಸಿದೆ ಎಂದು ನಾನು ಯಾವತ್ತೂ ಹೇಳಿಲ್ಲ. ನಮ್ಮೂರು ನಾವುಂದದಲ್ಲಿ ಒಟ್ಟಿಗೆ ಮೀನು ಒಣಗಿಸಿದವರು ನಾವು. ಈಗ ನೀನು ಮುಂಬೈಯಲ್ಲಿ ಹೋಟೆಲಿನ ಯಜಮಾನ್ತಿ, ನಾನು ನಿನ್ನ ಬಾಡಿಗೆ ಮನೆಯವಳು. ನನ್ನ ಮಗಳು ನವ್ಯಾ ಹೆರಿಗೆಗೆ ಬರುತ್ತಾಳೆಂದು ಕೇಳಿದ್ದೇ ತಡ, ಸೋರುತ್ತಿದ್ದ ಹಳೇ ಗೀಸರ್ ತೆಗೆಸಿ ನೀನೇ ಹೊಸದು ಹಾಕಿಸಿದೆ. ಯಾವ ಧಣಿ ಕೇಳದೆ ಹೀಗೆ ಮಾಡುತ್ತಾನೆ?

ಆದರೆ ಕರೆಂಟಿನ ಕೆಲಸದ ಐತನಿಗೆ ಥರ್ಮೋಸ್ಟಾಟ್ ತಪ್ಪಿಸಿ ವೈರ್ ಡೈರೆಕ್ಟ್ ಕೊಡಲು ಹೇಳಿದೆಯಲ್ಲ, ಅದೆಂತ ಬುದ್ಧಿ ಮಾರಾಯ್ತಿ? ಬಾಣಂತಿಗೆ ಕುದಿಯುವ ನೀರೇ ಆಗಬೇಕು, ನಡುವೆ ಆಫ್ ಆದರೆ ಸೊಂಟ ಗಟ್ಟಿಯಾಗುವುದಿಲ್ಲ ಎಂದೆಯಂತೆ. ನಮ್ಮ ಅಮ್ಮಂದಿರು ಹಂಡೆ ಕುದಿಸಿ ಎರೆದವರೇ, ಇಲ್ಲ ಎನ್ನುವುದಿಲ್ಲ. ಹಂಡೆಯ ಬಾಯಿ ತೆರೆದಿರುತ್ತದೆ, ಈ ಡಬ್ಬದ್ದು ಮುಚ್ಚಿದೆ. ಬಿಸಿ ಸಾಕಾದಾಗ ತಾನೇ ನಿಲ್ಲಲಿ ಎಂದೇ ಥರ್ಮೋಸ್ಟಾಟ್ ಇಟ್ಟದ್ದು.

ನವ್ಯಾ ಮಗುವನ್ನು ಕರೆದುಕೊಂಡು ಮನೆಗೆ ಬಂದ ಮೊದಲ ದಿನವೇ ಗೀಸರಿನ ಒಳಗೆ ಗುಡುಗುಡು ಸದ್ದು. ಐತನನ್ನು ಕರೆಸಿದೆ. "ಜಲಜಕ್ಕ ಹೇಳಿದ್, ಅವ್ರೇ ಹೇಳಿರೆ ತಿರ್ಗಿ ಹಾಕ್ತೆ. ಮನಿ ನಿಮ್ದಲ್ಲ ಅಲ್ದಾ" ಎಂದ. ಕೆನ್ನೆಗೆ ಹೊಡೆದ ಹಾಗಾಯಿತು. ನಿನಗೆ ಫೋನ್ ಮಾಡಿದರೆ, "ಕೊಟ್ಟದ್ದಕ್ಕೂ ಹೆಸ್ರ್ ಇಡ್ತ್ಯಾ?" ಎಂದು ನೀನು ಫೋನ್ ಇಟ್ಟುಬಿಟ್ಟೆ. ನೀರು ಎರೆಯಲು ಬರುವವಳೂ ನಿನ್ನ ಕಡೆಗೇ. ಬಿಸಿ ಇದ್ದರೆ ಒಳ್ಳೆಯದೇ, ನೀನು ಸುಮ್ಮನಿರು ಎಂದು ನನ್ನನ್ನೇ ಗದರಿದಳು.

ಸೋಮವಾರ ಅವಳು ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡು ಬಕೆಟ್ಟಿಗೆ ನಲ್ಲಿ ತಿರುಗಿಸಿದಳು. ನೀರಲ್ಲ, ಹಬೆಯೂ ಕುದಿನೀರೂ ಒಟ್ಟಿಗೇ ಸಿಡಿದು ಬಕೆಟ್ ದಾಟಿ ಬಂತು. ಅವಳು ಕೈ ಹಿಂದೆ ತೆಗೆಯಲಿಲ್ಲ, ಮಗುವಿಗೆ ಅಡ್ಡ ಹಿಡಿದಳು. ಮಗುವಿನ ಮೇಲೆ ಒಂದು ಹನಿ ಬೀಳಲಿಲ್ಲ. ಅವಳ ಕೈ ಮಣಿಕಟ್ಟಿನಿಂದ ಮೊಣಕೈವರೆಗೂ ಚರ್ಮ ಎದ್ದುಹೋಯಿತು. ಇಲ್ಲಿಯ ಡಾಕ್ಟರು ನೋಡಿದವರೇ ಕುಂದಾಪುರಕ್ಕೆ ಕಳಿಸಿದರು. ನವ್ಯಾ ಅವತ್ತಿನಿಂದ ಬಚ್ಚಲಿಗೆ ಕಾಲಿಡುತ್ತಿಲ್ಲ, ಅಡಿಗೆಮನೆಯಲ್ಲೇ ಮಗುವಿನ ಮೈ ಒರೆಸುತ್ತಾಳೆ. ನಾನು ಫ್ಯೂಸ್ ಕಿತ್ತು ಅಕ್ಕಿ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ.

ನಾನು ಕೇಳುವುದು ಒಂದೇ. ಈ ಕಾಗದ ಮುಟ್ಟಿದ ದಿನವೇ ಐತನಿಗೆ ಫೋನ್ ಮಾಡಿ, ಥರ್ಮೋಸ್ಟಾಟ್ ಸರಿಯಾಗಿ ಜೋಡಿಸು ಎಂದು ಹೇಳು. ನೀನು ಹೇಳದಿದ್ದರೆ ಶಿರೂರಿನಿಂದ ಬೇರೆಯವನನ್ನು ಕರೆಸಿ ನಾನೇ ಮಾಡಿಸುತ್ತೇನೆ. ಕೇಳದೆ ಮುಟ್ಟಿದೆ ಎಂದು ಮನೆ ಖಾಲಿ ಮಾಡು ಎನ್ನುತ್ತೀಯಾದರೆ ಮಾಡುತ್ತೇನೆ. ಹೆದರಿಕೆಯಿಲ್ಲ ಎಂದಲ್ಲ, ಹಸಿ ಬಾಣಂತಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ಆದರೂ ಆ ಸ್ವಿಚ್ ಹಾಕಲಾರೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ, ಯೋಚಿಸು.

ಬೈದರೂ ಬೈಸಿಕೊಂಡರೂ ನಿನ್ನವಳೇ,
ಚಂದ್ರಮತಿ

ತಾ.ಕ.: ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ನಿನಗೆ ಹೇಳುವುದಿಲ್ಲ ಎಂದು ಆ ನೀರು ಎರೆಯುವವಳು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ, ಆದರೂ ಹೇಳುತ್ತೇನೆ. ಇನ್ನು ಊರಲ್ಲಿ ಯಾರಿಗೂ ನೀರು ಎರೆಯಬೇಡ, ನನಗೆ ನಾಚಿಕೆ ಎಂದು ನಿನ್ನ ತಾಯಿ ಸೀತಮ್ಮನಿಗೆ ನೀನು ಹೇಳಿದ್ದೆಯಲ್ಲ. ನವ್ಯಾಳಿಗೆ ಮಾತ್ರ ಎಂದು ಸೀತಮ್ಮ ದಿನಾ ನಾವುಂದದಿಂದ ನಿನಗೆ ಗೊತ್ತಾಗದ ಹಾಗೆ ಬರುತ್ತಿದ್ದಳು. ಆಸ್ಪತ್ರೆಯಲ್ಲಿ ಮಲಗಿರುವುದು ಅವಳೇ. ನಿನ್ನ ಅಣ್ಣ ಬಚ್ಚನ ಬಾಯಿಯನ್ನೂ ಮುಚ್ಚಿಸಿದ್ದಾಳೆ. "ಜಲಜಗೆ ಹೇಳ್ಬೇಡ, ತಾನ್ ಕೊಟ್ಟದ್ದರಿಂದ್ಲೇ ಹೀಂಗಾಯ್ತ್ ಅಂದೇಳಿ ಬೇಜಾರ್ ಮಾಡ್ಕಂತ್ಳ್" ಎನ್ನುತ್ತಾಳೆ. ಐತನಿಗೆ ಆಮೇಲೆ ಫೋನ್ ಮಾಡು. ಮೊದಲು ಹೊರಟು ಬಾ.