ನಾನು ಗೆದ್ದ ಮೂವತ್ತೊಂದು ಯುದ್ಧಗಳು

ಮಾರ್ಚ್ ೧೪, ಮಂಗಳವಾರ

ಪ್ರೀತಿಯ ದಳವಾಯಿ,

ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೇ? ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. "ಅಣ್ಣನಿಗೆ ಬರೆದ್ರಾ?" ಎಂದು ನನ್ನವಳು ದಿನಕ್ಕೆರಡು ಸಲ ಕೇಳಿ, ಸಾಕಾಗಿ ಸುಮ್ಮನಾದಳು. ಕೆಲಸವಿತ್ತು ಎಂದು ಸುಳ್ಳು ಹೇಳಬಹುದಿತ್ತು. ಮೂರು ಸಲ ಬರೆದು ಮೂರು ಸಲ ಹರಿದೆ, ಅಷ್ಟೆ.

ನಮ್ಮ 'ಪುಟ್ಟ ದಂಡು' ಪತ್ರಿಕೆ ನಿಲ್ಲುತ್ತಿದೆ ಎಂಬುದು ನಿನಗೆ ಗೊತ್ತೇ ಇದೆ. ಕೊನೆಯ ಸಂಚಿಕೆಗೆ ಪತ್ರಿಕೆಯ ಚರಿತ್ರೆ ಬರೆದುಕೊಡಿ ಎಂದು ಕಂಪನಿಯವರು ನನ್ನನ್ನು ಕೇಳಿದರು. ಸಂಪಾದಕನಾಗಿದ್ದವನು ನೀನು, ಮೊದಲು ನಿನ್ನನ್ನೇ ಕೇಳಿದ್ದರಂತೆ. "ಅವನ ಕೈಲಿ ಬರೆಸಿ" ಎಂದೆಯಂತೆ. ನಾನು ಕುಣಿದುಕೊಂಡು ಒಪ್ಪಿದೆ.

ಶುರುವಿನದು ಬರೆಯುವಾಗ ಎಷ್ಟು ಖುಷಿಯಿತ್ತು ಗೊತ್ತಾ! ನಿನ್ನ ಮಹಡಿ ಕೋಣೆ, ಹಳೇ ಬಾಗಿಲೊಂದನ್ನು ಎರಡು ಪೆಟ್ಟಿಗೆಗಳ ಮೇಲಿಟ್ಟು ಮಾಡಿದ ರಣರಂಗ, ಥರ್ಮಾಕೋಲ್ ಗುಡ್ಡ, ಎರಡು ಬೆರಳೆತ್ತರದ ಸೀಸದ ಸೈನಿಕರು. ನಾನು ಅವರ ಕೋಟಿಗೆ ಗುಂಡಿ ಬರೆಯಲು ಉಸಿರು ಬಿಗಿಹಿಡಿದರೆ ನೀನು ಬೇಕೆಂದೇ ನಗಿಸುತ್ತಿದ್ದೆ. ಹದಿನಾರು ಪುಟದ ಮೊದಲ ಸಂಚಿಕೆಗೆ ನಾವೇ ಪಿನ್ನು ಹೊಡೆದೆವು. ಅದರಲ್ಲಿದ್ದ ಆಟದ ನಿಯಮದಲ್ಲಿ ಕುದುರೆ ಒಂದು ಸರದಿಗೆ ಹನ್ನೆರಡು ಅಂಗುಲ ಓಡಬೇಕು, ನೀನು ನೂರ ಇಪ್ಪತ್ತು ಎಂದು ಅಚ್ಚುಹಾಕಿಸಿದೆ. 'ನಮ್ಮ ಕುದುರೆಗಳು ಮೇಜು ದಾಟಿ ಅಡುಗೆಮನೆಗೆ ಹೋಗಿವೆ, ಏನು ಮಾಡೋಣ?' ಎಂದು ಓದುಗರೊಬ್ಬರು ಬರೆದಿದ್ದರು.

ಏಳನೆಯ ವರ್ಷ, ಇಂಥ ಸೈನಿಕರನ್ನು ಎರಕ ಹೊಯ್ಯುವ ಕಂಪನಿ ಪತ್ರಿಕೆಯನ್ನು ಕೊಂಡಿತು. ಬಣ್ಣದ ಮುಖಪುಟ ಬಂತು. ತಿಂಗಳಿಗೊಂದು 'ಯುದ್ಧ ವರದಿ' ಬಂತು. ನಿನ್ನದೊಂದು ಸೈನ್ಯ, ನನ್ನದೊಂದು ಸೈನ್ಯ. ನಿಜವಾಗಿ ಆಡುವುದು, ನಡೆದದ್ದನ್ನು ನಡೆದ ಹಾಗೆ ಬರೆಯುವುದು. ಕಂಪನಿ ತಂದ ಹೊಸ ಸೈನ್ಯವನ್ನು ಯಾವಾಗಲೂ ನನಗೇ ಕೊಡುತ್ತಿದ್ದೆ. "ಬಣ್ಣ ಹಚ್ಚಿದೋನು ನೀನು, ನೀನೇ ಆಡು." ಮೂರು ವರ್ಷ, ಮೂವತ್ತಾರು ಯುದ್ಧ. ಮೂವತ್ತೊಂದನ್ನು ನಾನು ಗೆದ್ದೆ. 'ನಮ್ಮ ದಳವಾಯಿಗಳು ಈ ಸಲವೂ ಮಣ್ಣು ಮುಕ್ಕಿದರು' ಎಂದು ನಾನೇ ಬರೆಯುತ್ತಿದ್ದೆ. ಆ ಹೆಸರು ನಿನಗೆ ಅಂಟಿಕೊಂಡದ್ದೇ ಹಾಗೆ.

ಹೋದ ತಿಂಗಳು ಹಳೆಯ ಸಂಚಿಕೆಗಳಿಗಾಗಿ ಕಚೇರಿಗೆ ಹೋದೆ. ಪುಟ ಜೋಡಿಸುವಾಕೆ ಮುಖಪುಟದ ಕರಡುಗಳಿದ್ದ ಕಡತ ಕೊಟ್ಟರು. ಒಂದರ ಮೇಲೆ 'ನೀಲಿ ಪಡೆಗೆ ಅಮೋಘ ಜಯ' ಎಂದಿತ್ತು. ನೀಲಿ ಪಡೆ ಆ ಸಲ ನನ್ನದು. ಕೆಳಗೆ ನಿನ್ನ ಸಹಿ, ಮೂರನೇ ತಾರೀಖು. ಆ ಆಟವನ್ನು ನಾವು ಆಡಿದ್ದು ಅದೇ ತಿಂಗಳ ಹನ್ನೆರಡಕ್ಕೆ, ವರದಿಯ ನೆತ್ತಿಯ ಮೇಲೇ ಇದೆ.

"ಇದೇನಮ್ಮ, ಆಡೋಕೆ ಮುಂಚೇನೇ ಗೆದ್ದುಬಿಟ್ಟಿದ್ದೀನಲ್ಲ!" ಎಂದು ನಕ್ಕೆ.

"ಮುಖಪುಟ ಮೊದಲೇ ಅಚ್ಚಿಗೆ ಹೋಗ್ಬೇಕಿತ್ತಲ್ಲ ಸರ್. ಹೊಸ ಸೈನ್ಯ ಗೆದ್ರೇನೇ ಅಂಗಡೀಲಿ ಖರ್ಚಾಗೋದು. ಯಾರು ಗೆಲ್ತಾರೆ ಅಂತ ಸಂಪಾದಕರು ಬರೆದು ಕಳಿಸ್ತಿದ್ರು. ನಿಮಗೂ ಗೊತ್ತು ಅಂತಲೇ ನಾವೆಲ್ಲ ಅಂದ್ಕೊಂಡಿದ್ವಿ."

ಕಡತವನ್ನು ಪೂರ್ತಿ ತಿರುವಿದೆ. ಮೂವತ್ತೊಂದೂ ಹಾಗೇ. ನಾನು ಸೋತ ಐದು ತಿಂಗಳು ಕಂಪನಿ ಹೊಸದೇನನ್ನೂ ತಂದಿರಲಿಲ್ಲ. ನೀನು ಮನಸ್ಸಿಟ್ಟು ಆಡಿದ್ದು ಆ ಐದೇ.

ಹೊಟ್ಟೆ ಉರಿಯುತ್ತಿದೆ ಕಣೋ. ದಾಳ ಎಸೆಯುವುದರಲ್ಲಿ ನೀನು ಮೋಸ ಮಾಡಲಿಲ್ಲ, ನಿಜ. ಆದರೆ ಕುದುರೆ ದಂಡನ್ನು ಗುಡ್ಡದ ಹಿಂದೆ ಸುಮ್ಮನೆ ನಿಲ್ಲಿಸಿಕೊಂಡು, ಆಟ ಮುಗಿದ ಮೇಲೆ "ಅಯ್ಯೋ, ಮರ್ತೇಬಿಟ್ಟೆ ನೋಡು!" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದೆಯಲ್ಲ, ಅದೆಲ್ಲ ನಾಟಕ. ನಾನು ಹಲ್ಲು ಕಿರಿದು ನಿನ್ನ ಬೆನ್ನು ತಟ್ಟಿ ಸಮಾಧಾನ ಹೇಳುತ್ತಿದ್ದೆ. ಕಚೇರಿಗೆ ಕಚೇರಿಯೇ ಅದನ್ನು ನೋಡುತ್ತಿತ್ತು. ಒಂದು ಮಾತು ಹೇಳಿದ್ದರೆ ನಾನೂ ಜೊತೆಗೆ ನಟಿಸುತ್ತಿದ್ದೆ. ಪತ್ರಿಕೆ ಉಳಿಯಲಿ ಎಂದು ನನಗೂ ಇರಲಿಲ್ಲವೇ? ನೀನು ಕಂಪನಿಗೆ ಹೆದರಿದ್ದಕ್ಕೆ ಸಿಟ್ಟಿಲ್ಲ. ಎಲ್ಲರೂ ಒಳಗಿದ್ದು ನನ್ನೊಬ್ಬನನ್ನು ಹೊರಗಿಟ್ಟೆ, ಅದಕ್ಕೆ ಸಿಟ್ಟು.

ಚರಿತ್ರೆಯಲ್ಲಿ ಇದೆಲ್ಲವನ್ನೂ ತಾರೀಖು ಸಹಿತ ಬರೆದಿದ್ದೇನೆ. ನಮ್ಮ ವರದಿ ಓದಿ, ತಮ್ಮ ಮೇಜಿನ ಮೇಲೆ ಅದೇ ನಡೆ ನಡೆಸಿ, ಸೋತು, 'ನಿಮ್ಮ ಹಾಗೆ ನಮಗೇಕೆ ಬರುವುದಿಲ್ಲ?' ಎಂದು ಕೇಳಿದವರಿಗೆ ಇಷ್ಟಾದರೂ ಹೇಳಬೇಕು. ನಿನ್ನೆ ಆಕೆಯ ಕೈಗೆ ಕೊಟ್ಟು ಬಂದೆ. "ಇದನ್ನ ಹಾಕ್ಲೇಬೇಕಾ ಸರ್?" ಎಂದರು. ಹಾಕಿ ಎಂದೆ. ನಿನ್ನನ್ನು ಕಳ್ಳನೆಂದು ಬರೆದಿಲ್ಲ. ನನ್ನನ್ನು ಪೆದ್ದನೆಂದು ಬರೆದುಕೊಂಡಿದ್ದೇನೆ.

ಅತ್ತಿಗೆಗೆ ನಮಸ್ಕಾರ ತಿಳಿಸು. ಮಗಳ ಹೆರಿಗೆ ಸುಸೂತ್ರವಾಗಲಿ, ತಾಯಿ ಮಗು ತಣ್ಣಗಿರಲಿ. ನೀನು ಸುಮ್ಮಸುಮ್ಮನೆ ಮೆಟ್ಟಿಲು ಹತ್ತಬೇಡ.

ಇನ್ನೂ ನಿನ್ನವನೇ ಆದ,
ಕುಳ್ಳ

ತಾ.ಕ.: ಒಂದು ಆಟವನ್ನು ಮಾತ್ರ ಚರಿತ್ರೆಗೆ ಸೇರಿಸಿಲ್ಲ. ನನ್ನ ಎದೆ ಕೊಯ್ದು ಹೊಲಿದ ಮೇಲೆ, ಊಟ ಸೇರದೆ ಹತ್ತು ದಿನ ಆಸ್ಪತ್ರೆಯ ಗೋಡೆಗೆ ಮುಖಮಾಡಿ ಮಲಗಿದ್ದೆನಲ್ಲ. ನೀನು ಡಬ್ಬಿಯಲ್ಲಿ ಇಪ್ಪತ್ತು ಸೈನಿಕರನ್ನು ತಂದು ನನ್ನ ಹೊದಿಕೆಯ ಮೇಲೆ ಆಟ ಹೂಡಿದೆ. ನನ್ನ ಮಂಡಿಯೇ ಬೆಟ್ಟ. ನಾನು ಗೆದ್ದೆ. ಆ ಸಂಜೆ ಎದ್ದು ಕುಳಿತು ಊಟ ಕೇಳಿದೆ, ನರ್ಸಮ್ಮ ಓಡಿಹೋಗಿ ನನ್ನವಳನ್ನು ಕರೆತಂದರು. ಅಲ್ಲಿ ಕಂಪನಿಯಿರಲಿಲ್ಲ, ಮುಖಪುಟವಿರಲಿಲ್ಲ. ಅದನ್ನಾದರೂ ನಾನೇ ಗೆದ್ದೆನೇ? ಸುಳ್ಳು ಬರೆಯಬೇಡ. ಗೆದ್ದೆ ಎಂದು ಬರೆ.