ಲೇಬಲ್ಲಿನಲ್ಲಿ ಬರೆದದ್ದನ್ನಷ್ಟೇ ಹುಡುಕುವವರಿಗೆ

ಪೂರಕ ಆಹಾರಗಳ ಪರೀಕ್ಷೆ ಮತ್ತು ಪರವಾನಗಿ ವಿಭಾಗದ ಮುಖ್ಯಾಧಿಕಾರಿಗಳೇ,

ಕೀಲುನೋವಿಗೆಂದು ಮಾರುತ್ತಿದ್ದ ಆ ಹಳದಿ ಡಬ್ಬದ ಪುಡಿಯನ್ನು ನೀವು ಈಚೆಗೆ ಸದ್ದಿಲ್ಲದೆ ಅಂಗಡಿಗಳಿಂದ ತೆಗೆಸಿದಿರಿ. ಏಕೆ ತೆಗೆಸಿದಿರಿ ಎಂದು ಯಾರಿಗೂ ಹೇಳಲಿಲ್ಲ. ಅದನ್ನು ದಿನವೂ ನೀರಿಗೆ ಬೆರೆಸಿ ಕುಡಿಯುತ್ತಿದ್ದ ನನ್ನ ಅಕ್ಕ, ಪುಡಿ ಸಿಗದೆ ನಿಲ್ಲಿಸಿದ ಕೆಲವೇ ದಿನಗಳಲ್ಲಿ ತನ್ನ ಬೇಕರಿಯ ಗಲ್ಲಾದ ಹಿಂದೆ ಕುಸಿದು ಬಿದ್ದಳು. ಈಗ ಆಸ್ಪತ್ರೆಯಲ್ಲಿದ್ದಾಳೆ. ಬದುಕಿದ್ದಾಳೆ; ಅದರಲ್ಲಿ ನಿಮ್ಮ ಕಚೇರಿಯ ಪಾಲು ಏನೇನೂ ಇಲ್ಲ. ಈ ಪತ್ರವನ್ನು 'ಮಾನ್ಯರೇ' ಎಂದು ಶುರು ಮಾಡು ಎಂದು ಭಾವ ಹೇಳಿದರು. ಮನಸ್ಸು ಬರಲಿಲ್ಲ.

ನಾನು ಯಾರೆಂದು ನಿಮಗೆ ಗೊತ್ತು. ನನ್ನ ಮಾತ್ರೆಗಳ ಪರವಾನಗಿಯ ಕಡತ ನಿಮ್ಮ ಮೇಜಿನ ಮೇಲೆ ಎಷ್ಟೋ ಕಾಲದಿಂದ ಕಾಲು ಚಾಚಿ ಮಲಗಿದೆ. ಸಣ್ಣದೊಂದು ಕಾರ್ಖಾನೆಯಲ್ಲಿ ವಿಟಮಿನ್ ಮಾತ್ರೆಗಳನ್ನು ಹದಗೊಳಿಸುವುದು ನನ್ನ ಕೆಲಸ. ಅಂದರೆ ಯಾವುದು ಎಷ್ಟು ಬೆರೆಯಬೇಕು, ಯಾವುದಕ್ಕೆ ಯಾವುದರ ಜೊತೆ ಆಗಿಬರುವುದಿಲ್ಲ ಎಂದು ನೋಡಿಕೊಳ್ಳುವುದು. ಕಬ್ಬಿಣದಂಶದ ಪಕ್ಕ ವಿಟಮಿನ್ ಸಿ ಕೂರಿಸಿದರೆ ಮಾತ್ರೆಯ ಮೈಮೇಲೆ ಕಂದು ಚುಕ್ಕೆ ಏಳುತ್ತದೆ. ತೇವ ತಾಗಿದರೆ ಪುಡಿ ಗಂಟು ಕಟ್ಟುತ್ತದೆ. ವಿಟಮಿನ್ ಸಿ ಅಂತೂ ಡಬ್ಬದೊಳಗೆ ಕೂತಲ್ಲೇ ದಿನದಿನಕ್ಕೂ ಸವೆಯುತ್ತದೆ. ಆದ್ದರಿಂದ ಡಬ್ಬದ ಅವಧಿ ಮುಗಿಯುವ ಹೊತ್ತಿಗೆ ತಿನ್ನುವವರಿಗೂ ಲೇಬಲ್ಲಿನಲ್ಲಿ ಹೇಳಿದಷ್ಟು ಸಿಗಲಿ ಎಂದು ಮೊದಲೇ ತುಸು ಹೆಚ್ಚು ಹಾಕುತ್ತೇವೆ. ಇದು ಕಳ್ಳತನವಲ್ಲ, ನಮ್ಮ ಕಸುಬಿನ ರೂಢಿ. ನೀವು ಹೊಸ ಡಬ್ಬ ಒಡೆದು, ಬರೆದದ್ದಕ್ಕಿಂತ ಹೆಚ್ಚಿದೆ ಎಂದು ನೋಟಿಸು ಕಳಿಸಿದಿರಿ. ಕಡಿಮೆ ಮಾಡಿ ತಂದುಕೊಟ್ಟೆ. ಅದನ್ನು ಬಿಸಿಲು ಬೀಳುವ ಕಿಟಕಿಯ ಪಕ್ಕ ತಿಂಗಳುಗಟ್ಟಲೆ ಮರೆತು, ಆಮೇಲೆ ನೆನಪಾಗಿ ಪರೀಕ್ಷಿಸಿ, ಬರೆದದ್ದಕ್ಕಿಂತ ಕಡಿಮೆಯಿದೆ ಎಂದು ಇನ್ನೊಂದು ನೋಟಿಸು ಕಳಿಸಿದಿರಿ. ಲೇಬಲ್ಲಿನ ಅಕ್ಷರ ಚಿಕ್ಕದಾಯಿತು ಎಂಬ ಮೂರನೆಯದೂ ಬಂತು. ಹೋಗಲಿ, ಅದು ನನ್ನ ಹೊಟ್ಟೆಪಾಡು. ಅದಕ್ಕಾಗಿ ಈ ಪತ್ರವಲ್ಲ.

ಅಕ್ಕನಿಗೆ ಬೇಕರಿಯಲ್ಲಿ ಬೆಳಗಿನಿಂದ ನಿಂತೇ ಕೆಲಸ. ಒಲೆಯ ಬಿಸಿ ಮುಂದೆ, ತಣ್ಣನೆಯ ಸಿಮೆಂಟು ನೆಲ ಕೆಳಗೆ. ಮನೆ ಮಹಡಿಯ ಮೇಲೆ. ಮಂಡಿ ಹಿಡಿದುಕೊಂಡು, ಗೋಡೆಗೆ ಒರಗುತ್ತಾ, ಮೆಟ್ಟಿಲುಗಳನ್ನೆಲ್ಲ ಬಯ್ಯುತ್ತಾ ಹತ್ತುತ್ತಿದ್ದಳು. ಪಕ್ಕದ ಅಂಗಡಿಯ ದರ್ಜಿಯಮ್ಮ ಒಂದು ಹಳದಿ ಡಬ್ಬ ತಂದುಕೊಟ್ಟರು. ವಾರ ಕಳೆಯುವುದರೊಳಗೆ ಅಕ್ಕ ಹಿಟ್ಟಿನ ಮೂಟೆ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಹಸಿವು ಹೆಚ್ಚಿತು. ಮುಖ ದುಂಡಗಾಯಿತು. ಬಂದವರೆಲ್ಲ 'ಮೈಕೈ ತುಂಬಿಕೊಂಡಿದ್ದೀರಿ' ಎಂದು ಹೊಗಳಿದರು. ನನಗೆ ಆ ದುಂಡು ಮುಖ ಹಿಡಿಸಲಿಲ್ಲ. ಕೆನ್ನೆ ಊದಿತ್ತು, ತೋಳು ಮಾತ್ರ ತೆಳ್ಳಗಾಗಿತ್ತು.

ಪುಡಿ ಕಂಡರೆ ನಾಲಿಗೆಗೆ ಹಚ್ಚಿ ನೋಡುವುದು ನಮ್ಮ ಕಸುಬಿನವರ ಚಟ. ಬೈಸಿಕೊಂಡರೂ ಬಿಡುವುದಿಲ್ಲ. ಅಕ್ಕನ ಅಡುಗೆಮನೆಯಲ್ಲಿ ಚಿಟಿಕೆ ಬಾಯಿಗೆ ಹಾಕಿಕೊಂಡೆ. ಡಬ್ಬದ ಮೇಲೆ ಅರಿಸಿನ, ಶುಂಠಿ, ಕ್ಯಾಲ್ಸಿಯಂ, ಕಿತ್ತಳೆಯ ಸುವಾಸನೆ ಎಂದಿತ್ತು. ನಾಲ್ಕೂ ಸಿಕ್ಕವು. ಅವೆಲ್ಲ ಕರಗಿದ ಮೇಲೆ ನಾಲಿಗೆಯ ಬುಡದಲ್ಲಿ ಐದನೆಯದೊಂದು ಕಹಿ ಎದ್ದು, ನೀರು ಕುಡಿದರೂ ಹೋಗದೆ ಕೂತಿತು. ಆ ಕಹಿ ನನಗೆ ಹಳೆಯ ಪರಿಚಯ. ಈ ಕಾರ್ಖಾನೆಗೆ ಬರುವ ಮೊದಲು ಔಷಧ ಕಂಪನಿಯೊಂದರಲ್ಲಿ ಸ್ಟೀರಾಯ್ಡ್ ಮಾತ್ರೆಗಳ ಕಹಿ ತಿನ್ನುವವರಿಗೆ ಗೊತ್ತಾಗದಂತೆ ಲೇಪ ಹಾಕುವುದೇ ನನ್ನ ಕೆಲಸವಾಗಿತ್ತು.

ನನ್ನ ನಾಲಿಗೆ ಸಾಕ್ಷಿಯಲ್ಲ ಎಂದು ನನಗೂ ಗೊತ್ತು. ಅದಕ್ಕೇ ಡಬ್ಬ ಹಿಡಿದು ನಿಮ್ಮ ಕಚೇರಿಗೆ ಬಂದೆ. ಪರೀಕ್ಷೆಯಾಯಿತು. ಫಲಿತಾಂಶ 'ತೃಪ್ತಿಕರ'. ನಿಮ್ಮ ಕೈಕೆಳಗಿನ ಅಧಿಕಾರಿಯನ್ನು ಕೇಳಿದೆ.

"ಲೇಬಲ್ ಮೇಲೆ ಏನು ಬರೆದಿದ್ದಾರೋ ಅದನ್ನ ನೋಡ್ತೀವಿ ಮೇಡಂ. ನಾಲ್ಕೂ ಸರಿಯಾಗಿದೆ."

"ಬರೀದೇ ಇರೋದು?"

"ಬರೀದೇ ಇರೋದನ್ನ ಏನಂತ ಹುಡುಕೋದು? ಅದಕ್ಕೆ ಕಾಲಂ ಇಲ್ಲ." ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, "ನೀವೂ ಇದೇ ಲೈನಲ್ಲಿ ಇದ್ದೀರಲ್ವಾ?" ಎಂದು ನಕ್ಕರು.

ಎಂಥ ಅಚ್ಚುಕಟ್ಟು ವ್ಯವಸ್ಥೆ! ಮನೆಗೆ ಕಳ್ಳ ನುಗ್ಗಿದರೆ, ಬಾಗಿಲಲ್ಲಿ ಹೆಸರು ಬರೆದುಕೊಂಡು ಒಳಗೆ ಬಂದವರನ್ನಷ್ಟೇ ವಿಚಾರಿಸುವ ಕಾವಲುಗಾರ ನೀವು. ಪುಡಿಯಲ್ಲಿ ಕದ್ದು ಮದ್ದು ಬೆರೆಸುವವನು ಅದನ್ನು ಲೇಬಲ್ಲಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ತಂದುಕೊಡಬೇಕೆ? ಪ್ರಾಮಾಣಿಕವಾಗಿ ಬರೆದವರ ಮಾತ್ರೆಯಲ್ಲಿ ವಿಟಮಿನ್ ಎಳ್ಳಷ್ಟು ಹೆಚ್ಚಾದರೆ ನಿಮ್ಮ ಯಂತ್ರಗಳು ಎದ್ದು ಕೂರುತ್ತವೆ. ಬರೆಯದೇ ಬೆರೆಸಿದವನ ಮುಂದೆ ಅದೇ ಯಂತ್ರಗಳಿಗೆ ಕಣ್ಣು ಹತ್ತುತ್ತದೆ. ಹಾಗಾದರೆ ನಿಮ್ಮ ನಿಯಮ ಯಾರನ್ನು ಕಾಯುತ್ತಿದೆ ಸ್ವಾಮಿ? ತಿನ್ನುವವರನ್ನೋ, ತಿನ್ನಿಸುವವರನ್ನೋ?

ನಿಮ್ಮ 'ತೃಪ್ತಿಕರ' ಅಲ್ಲಿಗೇ ನಿಲ್ಲಲಿಲ್ಲ. ಕಂಪನಿಯವರು ಅದನ್ನೇ ಹೊಳೆಯುವ ಚೀಟಿ ಮಾಡಿ ಡಬ್ಬಗಳ ಮೇಲೆ ಅಂಟಿಸಿದರು. ಅಕ್ಕ ಆ ಚೀಟಿಯನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ನೋಡೇ, ಸರ್ಕಾರದವರೇ ಸರಿ ಇದೆ ಅಂದಿದ್ದಾರೆ. ನಿನ್ನ ಮಾತ್ರೆ ಓಡ್ತಾ ಇಲ್ಲ, ಅದಕ್ಕೆ ನಿಂಗೆ ಹೊಟ್ಟೆಕಿಚ್ಚು."

"ಅಕ್ಕ, ನಿಲ್ಸು ಅಂತಾನೂ ಹೇಳ್ತಾ ಇಲ್ಲ ನಾನು. ಇದನ್ನ ಥಟ್ಟನೆ ನಿಲ್ಲಿಸೋ ಹಾಗೂ ಇಲ್ಲ. ಡಾಕ್ಟರ ಹತ್ರ ಹೋಗೋಣ ಬಾ."

"ನಡೆಯೋಕೆ ಆಗ್ತಾ ಇದೆಯಲ್ಲ, ಅದೇ ನೋಡೋಕೆ ಆಗ್ತಾ ಇಲ್ವಾ ನಿಂಗೆ? ಎದ್ದು ಹೋಗು ಆಚೆಗೆ."

ಹೆತ್ತವರು ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ನನ್ನ ಫೀಸು ಕಟ್ಟಲು ಬ್ರೆಡ್ಡು ಬೇಯಿಸಿದವಳು. ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಹೋದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು, ಫೋನು ಎತ್ತುತ್ತಿರಲಿಲ್ಲ. ನನಗೆ ಅಳು ಬರುತ್ತಿತ್ತು. ನಿಮ್ಮ ಮೇಲೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಮತ್ತೆ ನಿಮ್ಮ ಕಚೇರಿಗೆ ಬಂದು ಜಗಳವಾಡಿದೆ. ಲೇಬಲ್ಲಿನಲ್ಲಿ ಇಲ್ಲದ್ದನ್ನೂ ಹುಡುಕಿ ಎಂದು ಬರೆದುಕೊಟ್ಟೆ. ಕೊನೆಗೂ ಹುಡುಕಿದಿರಿ. ಸಿಕ್ಕಿತು. ಸಿಕ್ಕಿತೆಂದು ನನಗೂ ಹೇಳಲಿಲ್ಲ, ತಿನ್ನುತ್ತಿದ್ದವರಿಗೂ ಹೇಳಲಿಲ್ಲ. ಅಂಗಡಿಯವರಿಗೆ ಮಾತ್ರ ಫೋನು ಹೋಯಿತು, ಡಬ್ಬಗಳು ಲಾರಿ ಹತ್ತಿದವು. ಅಕ್ಕ ಅಂಗಡಿ ಅಂಗಡಿ ತಿರುಗಿ, 'ಸ್ಟಾಕ್ ಇಲ್ಲ' ಎಂಬ ಉತ್ತರ ಕೇಳಿ ಸುಮ್ಮನಾದಳು. ಮೊದಲು ಸುಸ್ತು, ಆಮೇಲೆ ವಾಂತಿ, ಆಮೇಲೆ ಗಲ್ಲಾದ ಹಿಂದಿನ ಸಿಮೆಂಟು ನೆಲ.

ಭಾವ ಫೋನು ಮಾಡಿ ನಾನು ಆಸ್ಪತ್ರೆಗೆ ಓಡಿದಾಗ ಡಾಕ್ಟರು ಕೇಳುತ್ತಿದ್ದರು, "ಏನೇನು ಔಷಧಿ ತಗೋತಿದ್ರು?"

"ಔಷಧಿ ಯಾವುದೂ ಇಲ್ಲ ಡಾಕ್ಟ್ರೇ. ಬರೀ ಪುಡಿ. ಗೌರ್ಮೆಂಟಿನೋರೇ ಟೆಸ್ಟ್ ಮಾಡಿರೋದು," ಎಂದರು ಭಾವ.

ನಿಮ್ಮ ಮೇಲಿನ ಆ ಬಡಪಾಯಿ ನಂಬಿಕೆ ಅವಳ ಜೀವಕ್ಕೇ ಎರವಾಗುತ್ತಿತ್ತು. ಆ ಪುಡಿಯಲ್ಲಿ ಸ್ಟೀರಾಯ್ಡ್ ಇದೆ ಎಂದು ನಾನು ಬಾಗಿಲಿನಿಂದಲೇ ಕೂಗಿ ಹೇಳಿದೆ. ಡಾಕ್ಟರು ನನ್ನ ಮುಖ ನೋಡಿದರು, ಅಕ್ಕನ ದುಂಡು ಮುಖ ನೋಡಿದರು, ನರ್ಸಿಗೆ ಚುಚ್ಚುಮದ್ದು ತರಲು ಹೇಳಿದರು. ಹೊರಗಿನಿಂದ ಸ್ಟೀರಾಯ್ಡ್ ದಿನವೂ ಬರುತ್ತಿದ್ದರೆ ಅದನ್ನು ತಯಾರಿಸುವ ದೇಹದ ಗ್ರಂಥಿ ತನಗಿನ್ನು ಕೆಲಸವಿಲ್ಲವೆಂದು ಮಲಗಿಬಿಡುತ್ತದೆ. ಹೊರಗಿನದು ಒಮ್ಮೆಲೇ ನಿಂತರೆ ಒಳಗಿನದು ಆ ಗಳಿಗೆಗೆ ಎದ್ದು ಬರುವುದಿಲ್ಲ. ರಕ್ತದೊತ್ತಡ ಬೀಳುತ್ತದೆ, ಮನುಷ್ಯರು ಸಾಯುತ್ತಾರೆ. ಅದಕ್ಕೇ ಡಾಕ್ಟರರ ಕಣ್ಗಾವಲಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಇದು ನಿಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದು ಮಾತ್ರ ಹೇಳಬೇಡಿ. ಮರುದಿನ ನಾನು ಬಂದು ಕೇಳಿದಾಗ ಅದೇ ಕನ್ನಡಕದ ಅಧಿಕಾರಿ ತಣ್ಣಗೆ ಹೇಳಿದರು, "ಪುಡಿಯಲ್ಲಿ ಸ್ಟೀರಾಯ್ಡ್ ಇದ್ದಿದ್ದು ನಿಜ ಮೇಡಂ. ಹೊರಗೆ ಹೇಳಿದ್ರೆ ಜನ ಗಾಬರಿ ಆಗ್ತಾರೆ."

ಗಾಬರಿಯಾಗಲಿ! ಗಾಬರಿಯಾದವರು ಆಸ್ಪತ್ರೆಗೆ ಹೋಗುತ್ತಾರೆ. ಗಾಬರಿಯಾಗದವರು ಎಲ್ಲಿಗೆ ಹೋಗುತ್ತಾರೆಂದು ಬಾಯಿಬಿಟ್ಟು ಹೇಳಬೇಕೆ? ವಿಷವಿದ್ದಾಗ ಸರಿಯಿದೆ ಎಂದು ಚೀಟಿ ಕೊಟ್ಟಿರಿ. ವಿಷವೆಂದು ಗೊತ್ತಾದಾಗ ಬಾಯಿಗೆ ಬೀಗ ಹಾಕಿಕೊಂಡಿರಿ. ಎರಡು ಸಲವೂ ನಿಮ್ಮ ಕುರ್ಚಿ ಅಲುಗಾಡಲಿಲ್ಲ.

ಅಕ್ಕ ಕಣ್ಣು ಬಿಟ್ಟು ಮೊದಲು ಆಡಿದ ಮಾತು ನನ್ನ ಬಗ್ಗೆಯಲ್ಲ, ತನ್ನ ಬಗ್ಗೆಯೂ ಅಲ್ಲ. "ದರ್ಜಿಯಮ್ಮಂಗೆ ಯಾರಾದ್ರೂ ಹೇಳಿದ್ರೇನೇ?" ಎಂದಳು.

ಯಾರೂ ಹೇಳಿರಲಿಲ್ಲ. ಹೋಗಿ ಬಾಗಿಲು ತಟ್ಟಿದೆ. ಕಂಬಳಿ ಹೊದ್ದು, ಗೋಡೆ ಹಿಡಿದು ಬಂದು ಚಿಲಕ ತೆಗೆದರು. "ಏನೋ ಜ್ವರ ಅಂತ ಮಲಗಿದ್ದೆ ಕಣಮ್ಮ. ಆ ಪುಡಿ ಎಲ್ಲೂ ಸಿಗ್ತಿಲ್ಲ, ನಿಮ್ಮಕ್ಕನ ಹತ್ರ ಒಂದು ಚಮಚ ಉಳಿದಿದೆಯಾ?" ಎಂದರು. ಅವರನ್ನೂ ಅದೇ ಆಸ್ಪತ್ರೆಗೆ ಸೇರಿಸಿದೆ. ದಾರಿಯಲ್ಲಿ ಅವರು ತಾವು ಈ ಪುಡಿ ಹೇಳಿಕೊಟ್ಟ ಗಿರಾಕಿಗಳನ್ನೆಲ್ಲ ಒಬ್ಬೊಬ್ಬರಾಗಿ ನೆನಪಿಸಿಕೊಂಡು ಅತ್ತರು. ಆಗಿನಿಂದ ನಾನು ಆ ಮನೆಗಳ ಬಾಗಿಲು ತಟ್ಟುತ್ತಿದ್ದೇನೆ. ಕೆಲವರು ಕೂರಿಸಿ ಕೇಳಿದರು. ಕೆಲವರು, ಅಕ್ಕ ಅಂದ ಹಾಗೆಯೇ, ಹೊಟ್ಟೆಕಿಚ್ಚು ಎಂದರು. ಪೋಸ್ಟ್ ಆಫೀಸಿನ ಹಿಂದಿನ ಬೀದಿಯಲ್ಲಿ ಒಂದು ಬಾಗಿಲು ತೆರೆಯಲೇ ಇಲ್ಲ. ಕಿಟಕಿಯೊಳಗೆ ದೀಪ ಉರಿಯುತ್ತಿತ್ತು. ಒಬ್ಬರೇ ಇರುವ ಹೆಂಗಸು ಎಂದು ಎದುರು ಮನೆಯವರು ಹೇಳಿದರು. ಪೊಲೀಸರಿಗೆ ಫೋನು ಮಾಡಿದ್ದೇನೆ. ಇನ್ನೂ ಬಂದಿಲ್ಲ.

ನನ್ನ ಮಾತ್ರೆಗಳ ಕಡತವನ್ನು ಬೇಕಾದರೆ ಕಸದ ಬುಟ್ಟಿಗೆ ಹಾಕಿ. ನನಗೆ ನಿಮ್ಮಿಂದ ಬೇಕಾಗಿರುವುದು ಇಷ್ಟೇ. ಇವತ್ತೇ, ಈ ಪತ್ರ ಓದಿ ಮುಗಿಸಿದ ಕೂಡಲೇ, ಪತ್ರಿಕೆಯಲ್ಲಿ, ರೇಡಿಯೋದಲ್ಲಿ, ಟೀವಿಯಲ್ಲಿ, ಅಂಗಡಿಗಳ ಬಾಗಿಲಲ್ಲಿ ಹೇಳಿ: ಆ ಪುಡಿಯಲ್ಲಿ ಸ್ಟೀರಾಯ್ಡ್ ಇತ್ತು, ತಿನ್ನುತ್ತಿದ್ದವರು ಮನೆಯಲ್ಲಿ ಮಲಗಬೇಡಿ, ಡಬ್ಬ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ, ನಾವು ಸರಿಯಿದೆ ಎಂದದ್ದು ತಪ್ಪು. ಆ ಕೊನೆಯ ಮಾತನ್ನು ನುಂಗಬೇಡಿ. ಅದನ್ನು ಹೇಳದಿದ್ದರೆ ಜನ ನಿಮ್ಮ ಹಳೆಯ ಚೀಟಿಯನ್ನೇ ನಂಬುತ್ತಾರೆ. ನನ್ನ ಕೈಗೆಟಕುವ ಬೀದಿಗಳಲ್ಲಿ ನಾನು ತಿರುಗುತ್ತೇನೆ. ದೇಶದ ಉಳಿದ ಬೀದಿಗಳೆಲ್ಲ ನಿಮ್ಮವು.

ಇಂತಿ,
ದೀಪ ಉರಿಯುತ್ತಿರುವ ಆ ಮನೆಯ ಮೆಟ್ಟಿಲ ಮೇಲೆ ಪೊಲೀಸರಿಗೆ ಕಾಯುತ್ತಾ ಕೂತು ಇದನ್ನು ಬರೆದವಳು